ಚೀನೀ ಕರಾರು ಕೂಲಿಗಳ ಕಡತದಲ್ಲಿ ಬರೀ ದುಡ್ಡಿನ ಕಾಗದಗಳೇ ಇವೆ, ಅವನ್ನು ಓದಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಚಿನ್ನದ ಗಣಿಗಳಿಗೆ 1904ರಿಂದ ಬಂದ ಚೀನೀ ಕೂಲಿಗಳ ಬಗ್ಗೆ ನೀವು ಹುಡುಕುತ್ತಿದ್ದೀರಿ. ಸಿಗುವುದೆಲ್ಲ ಲೈಸೆನ್ಸು, ಶುಲ್ಕ, ಸಂಬಳದ ನಿಯಮ, ದಂಡ. ಮನುಷ್ಯರೇ ಕಾಣುತ್ತಿಲ್ಲ. ಇವನ್ನೆಲ್ಲ ಪಕ್ಕಕ್ಕಿಟ್ಟು ಬೇರೆ ಕಡೆ ಹುಡುಕಲಾ ಅಂತ ಕೇಳಿದ್ದೀರಿ.

ದಯವಿಟ್ಟು ಪಕ್ಕಕ್ಕಿಡಬೇಡಿ. ಅವರು ಇರುವುದೇ ಆ ಕಾಗದಗಳಲ್ಲಿ.

ನಾನು ಇದನ್ನು ಕಲಿತದ್ದು ನಮ್ಮ ಮನೆಯ ಅಟ್ಟದಲ್ಲಿ. ನಮ್ಮಜ್ಜ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಅವರ ಕೈಬರಹದ ಒಂದು ಹಳೇ ಚೆಕ್‌ರೋಲ್ ನಮ್ಮಲ್ಲಿತ್ತು. ಹೆಸರು, ಹಾಜರಿ, ಮುಂಗಡ, ಮುರಿದುಕೊಂಡ ದುಡ್ಡು, ಅಷ್ಟೇ. ಒಬ್ಬಳ ಹೆಸರಿನ ಮುಂದೆ ಹದಿನೈದು ದಿನ ಗೈರು, ಅದರ ಕೆಳಗೇ ದೊಡ್ಡ ಮುಂಗಡ. ನಾನು ಸುಮ್ನೆ ಪುಟ ತಿರುವುತ್ತಿದ್ದೆ. ಅಜ್ಜಿ ಬೆರಳಿಟ್ಟು ತಡೆದರು. "ಅದು ಅವಳ ಮಗು ತೀರಿಕೊಂಡ ತಿಂಗಳು ಕಣೋ" ಅಂದರು. ಆಮೇಲಿಂದ ಲೆಕ್ಕದ ಪುಸ್ತಕವನ್ನು ನಾನು ಬರೀ ಲೆಕ್ಕ ಅಂತ ಓದಿಲ್ಲ.

ಈಗ ಟ್ರಾನ್ಸ್‌ವಾಲ್‌ಗೆ ಬರೋಣ. ಸರ್ಕಾರಕ್ಕೆ ಈ ಕೂಲಿಗಳ ವಿಷಯದಲ್ಲಿ ಇಷ್ಟು ಲೆಕ್ಕ ಯಾಕೆ ಬೇಕಿತ್ತು? ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧ 1902ರಲ್ಲಿ ಮುಗಿಯಿತು. ಹೊಸ ಬ್ರಿಟಿಷ್ ಆಡಳಿತ ಗಣಿಗಳ ನಿವ್ವಳ ಲಾಭದ ಮೇಲೆ ನೂರಕ್ಕೆ 10ರಷ್ಟು ತೆರಿಗೆ ಹಾಕಿತು. 1903ರಲ್ಲಿ ಆ ಆಡಳಿತದ 350 ಲಕ್ಷ ಪೌಂಡ್ ಸಾಲಕ್ಕೆ ಬ್ರಿಟನ್ ಖಾತರಿ ಕೊಟ್ಟಿತು. ಗಣಿ ನಡೆದರೆ ಖಜಾನೆ ತುಂಬುತ್ತದೆ, ಸಾಲ ತೀರುತ್ತದೆ. ಆದರೆ ಗಣಿ ಮಾಲೀಕರು ಆಫ್ರಿಕನ್ ಕೆಲಸಗಾರರ ಕೂಲಿ ಕಡಿಮೆ ಮಾಡಿದ್ದರು, ಅವರು ವಾಪಸ್ ಬರಲಿಲ್ಲ. ಕೂಲಿ ಏರಿಸುವ ಬದಲು ಚೀನಾದಿಂದ ಜನ ತರಿಸುವ ಕಾನೂನು ಮಾಡಿದರು. ಅದೇ 1904ರ 17ನೇ ಆರ್ಡಿನೆನ್ಸ್. ಅದರ ಕೆಳಗೆ ಒಟ್ಟು 63,695 ಜನ ಹೊರಟರು. ಹೆಚ್ಚಿನವರು ಉತ್ತರ ಚೀನಾದ ಶಾನ್‌ಡಾಂಗ್, ಝಿಲಿ ಪ್ರಾಂತ್ಯದವರು. 3,000ಕ್ಕೂ ಹೆಚ್ಚು ಜನ ಊರಿಗೆ ಮರಳಲೇ ಇಲ್ಲ, ಸತ್ತರು.

1904ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಚೀನಾ ಒಂದು ಒಪ್ಪಂದ ಮಾಡಿಕೊಂಡವು. ಅದರಲ್ಲಿ ತಲೆಗೆ ಇಷ್ಟು ಅಂತ ಶುಲ್ಕ ಗೊತ್ತು ಮಾಡಿದ್ದಾರೆ. 10,000 ಜನರವರೆಗೆ ತಲೆಗೆ ಗರಿಷ್ಠ 3 ಮೆಕ್ಸಿಕನ್ ಡಾಲರ್, ಅದರ ಮೇಲಿನವರಿಗೆ 2. ಮೆಕ್ಸಿಕನ್ ಡಾಲರ್ ಅಂದರೆ ಆಗ ಚೀನಾದ ಬಂದರುಗಳಲ್ಲಿ ಓಡುತ್ತಿದ್ದ ಬೆಳ್ಳಿ ನಾಣ್ಯ. ಜನರನ್ನು ಸೇರಿಸುವಾಗ ಮೇಲ್ವಿಚಾರಣೆ ಮಾಡುವ ಚೀನೀ ಅಧಿಕಾರಿಯ ಖರ್ಚಿಗೆ ಅಂತ ಈ ದುಡ್ಡು. ಜಾಸ್ತಿ ಜನ ತಂದರೆ ರಿಯಾಯಿತಿ! ನನಗೆ ಆ ಸಾಲು ಓದಿದಾಗ ಹೊಟ್ಟೆ ತೊಳಸಿದ ಹಾಗಾಯಿತು.

ನೀವು ಜಾಸ್ತಿ ಸಮಯ ಕೊಡಬೇಕಾದದ್ದು ಸಂಬಳದ ಕಲಮಿಗೆ. ಕರಾರು 3 ವರ್ಷದ್ದು. ದಿನಕ್ಕೆ 10 ಗಂಟೆ ಕೆಲಸ, ಕನಿಷ್ಠ 1 ಶಿಲಿಂಗ್ ಕೂಲಿ (ಆಗ 20 ಶಿಲಿಂಗ್‌ಗೆ 1 ಪೌಂಡ್). ಆರು ತಿಂಗಳಾದ ಮೇಲೂ 30 ದಿನದ ಕೆಲಸಕ್ಕೆ ಸರಾಸರಿ 50 ಶಿಲಿಂಗ್ ಬೀಳದಿದ್ದರೆ ದಿನಗೂಲಿ ಒಂದೂವರೆ ಶಿಲಿಂಗ್ ಆಗಬೇಕು. ಕೇಳಲು ಚೆನ್ನಾಗಿದೆ ಅಲ್ವಾ? ಪೆನ್ಸಿಲ್ ಹಿಡಿದು ನೋಡಿ. ಒಂದೂವರೆ ಶಿಲಿಂಗ್‌ನಂತೆ 30 ದಿನಕ್ಕೆ 45 ಆಗುತ್ತದೆ. ಕೂಲಿ ಏರಿಸಿದ ಮೇಲೂ 50 ಮುಟ್ಟುವುದಿಲ್ಲ. ಇಷ್ಟು ಸಣ್ಣ ಏರಿಕೆಗೂ ಜನ ಜಗಳವಾಡಬೇಕಾಯಿತು. 1905ರ ಏಪ್ರಿಲ್‌ನಲ್ಲಿ ನಾರ್ತ್ ರ‍್ಯಾಂಡ್‌ಫಾಂಟೀನ್ ಗಣಿಯಲ್ಲಿ ಬಂಡೆ ಕೊರೆಯುವವರು ಕೆಲಸ ನಿಲ್ಲಿಸಿದ್ದು ಇದೇ ಕಲಮಿನ ಮೇಲೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ತಮ್ಮ ಕರಾರು ಚೆನ್ನಾಗಿ ಗೊತ್ತಿತ್ತು. ಪೊಲೀಸರು ಬಂದರು, ಗಲಾಟೆಯಾಯಿತು. ಪತ್ರಿಕೆಗಳ ಪಾಲಿಗೆ ಅದು ಬರೀ "ಕೂಲಿಗಳ ದಂಗೆ". ಲೆಕ್ಕದ ಕಡತ ಓದಿದವರಿಗೆ ಮಾತ್ರ ಅದು ಮಾತಿಗೆ ತಪ್ಪಿದ ಕಥೆ ಅಂತ ಗೊತ್ತಾಗುತ್ತದೆ.

ದಂಡದ ಪಟ್ಟಿಯನ್ನೂ ಹೀಗೇ ಓದಿ. ಕಾಂಪೌಂಡ್, ಅಂದರೆ ಕೂಲಿಗಳನ್ನು ಇರಿಸಿದ್ದ ಗಣಿಯ ವಸತಿ ಆವರಣ ಬಿಟ್ಟು ಹೊರಗೆ ಹೋಗಲು ಪರ್ಮಿಟ್ ಬೇಕಿತ್ತು, ಅದೂ 48 ಗಂಟೆ ಮೀರುವ ಹಾಗಿಲ್ಲ. 1905ರಲ್ಲಿ ಕಾನೂನು ತಿದ್ದಿ, ಗಣಿಯ ಅಂಗಳದಲ್ಲೇ ವಿಚಾರಣೆ ನಡೆಸುವ ಅಧಿಕಾರವನ್ನು ಇನ್‌ಸ್ಪೆಕ್ಟರುಗಳಿಗೆ ಕೊಟ್ಟರು. ಯಾರಿಗೆ ಎಷ್ಟು ದಂಡ, ಯಾಕೆ, ಯಾವ ದಿನ ಅನ್ನುವುದನ್ನು ಸಾಲಾಗಿ ಇಟ್ಟು ನೋಡಿ. ಒಂದು ಗಣಿಯಲ್ಲಿ ಒಂದೇ ವಾರ ಗೈರುಹಾಜರಿ ಏರಿದರೆ ಅಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಆ ವಾರದ ಉಳಿದ ಪತ್ರಗಳನ್ನು ಹುಡುಕಿ.

ಎಲ್ಲಿ ಹುಡುಕುವುದು? ಇವರನ್ನು ನೋಡಿಕೊಳ್ಳಲು ಫಾರಿನ್ ಲೇಬರ್ ಡಿಪಾರ್ಟ್‌ಮೆಂಟ್ ಅಂತ ಬೇರೆ ಇಲಾಖೆಯೇ ಇತ್ತು. ಅದರ ಕಡತಗಳು ಪ್ರಿಟೋರಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಪಟ್ಟಿಯಲ್ಲಿ ಎಫ್‌ಎಲ್‌ಡಿ ಅನ್ನುವ ಮೂರು ಅಕ್ಷರ ನೋಡಿ. ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ವಸಾಹತು ಕಚೇರಿಯ ಪತ್ರಗಳು ಸಿಗುತ್ತವೆ. ಹೆಸರು ಹಿಡಿದು ಹೋಗಬೇಡಿ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಚೀನೀ ಹೆಸರು ಬರೆದಿದ್ದಾರೆ. ಒಂದೇ ಹೆಸರು ಮೂರು ತರ ಕಾಣುತ್ತದೆ. ಪ್ರತಿಯೊಬ್ಬನಿಗೂ ಒಂದು ನಂಬರ್ ಕೊಟ್ಟಿದ್ದರು, ಬೆರಳಚ್ಚನ್ನೂ ತೆಗೆದುಕೊಂಡಿದ್ದರು. ಆ ನಂಬರ್ ಹಿಡಿದೇ ಹೋಗಿ.

ಇನ್ನೊಂದು ಎಚ್ಚರಿಕೆ. ಗಾಂಧೀಜಿ ಜೊತೆ ಸತ್ಯಾಗ್ರಹ ಮಾಡಿದ ಚೀನೀಯರ ಕಡತವನ್ನು ಇದರ ಜೊತೆ ಬೆರೆಸಬೇಡಿ. 1908ರ ಜನವರಿಯಲ್ಲಿ ಜೋಹಾನ್ಸ್‌ಬರ್ಗ್ ಜೈಲಿನಿಂದ ಗಾಂಧೀಜಿ ಮತ್ತು ತಂಬಿ ನಾಯ್ಡು ಜೊತೆ ರಾಜಿ ಪತ್ರಕ್ಕೆ ಸಹಿ ಹಾಕಿದ ಚೀನೀಯರ ನಾಯಕ ಲ್ಯೂಂಗ್ ಕ್ವಿನ್ ಗಣಿ ಕೂಲಿಯಲ್ಲ. ಅವರ ಕಡೆಯವರು ಹೆಚ್ಚಾಗಿ ಅಂಗಡಿ, ವ್ಯಾಪಾರ ಮಾಡಿಕೊಂಡಿದ್ದವರು. ಆ ಹೋರಾಟ ಏಷ್ಯಾದವರ ನೋಂದಣಿ ಕಾನೂನಿನ ವಿರುದ್ಧ. ಅದರ ಕಚೇರಿ ಬೇರೆ, ಪುಸ್ತಕ ಬೇರೆ. ನಾನು ಇದನ್ನು ಬೆರೆಸಿಕೊಂಡು ವಾರಗಟ್ಟಲೆ ದಾರಿ ತಪ್ಪಿದ್ದೆ.

ಕೂಲಿಗಳ ಮಾತನ್ನೇ ಕೇಳಬೇಕು ಅಂತಿದ್ದರೆ, ಮಧ್ಯೆ ಒಮ್ಮೆ ಕ್ಯೂಬಾದ ಕಡೆ ಹೋಗಿ ಬನ್ನಿ. ಅಲ್ಲಿನ ಕಬ್ಬಿನ ತೋಟಗಳಲ್ಲಿ ಚೀನೀಯರ ಕರಾರು 8 ವರ್ಷ, ತಿಂಗಳಿಗೆ 4 ಪೆಸೊ. 1874ರಲ್ಲಿ ಚೀನಾ ಸರ್ಕಾರ ಚೆನ್ ಲಾನ್‌ಬಿನ್ ಅನ್ನುವ ಅಧಿಕಾರಿಯನ್ನು ತನಿಖೆಗೆ ಕಳಿಸಿತು. ಸಿಕ್ಕಿದ್ದು 1,176 ಹೇಳಿಕೆ, 85 ಮನವಿ. ಮನವಿಗಳಿಗೆ 1,665 ಜನರ ಸಹಿ. ಹೊಡೆತ, ಹಸಿವು, ಕರಾರು ಮುಗಿದ ಮೇಲೂ ಬಿಡದೆ ಮತ್ತೆ ದುಡಿಸಿದ್ದು, ಎಲ್ಲ ಅವರ ಬಾಯಲ್ಲೇ ಇದೆ. ಚೆನ್ ಜೊತೆ ಹೋದ ಇಬ್ಬರು ಯುರೋಪಿಯನ್ನರು, ಮ್ಯಾಕ್‌ಫರ್ಸನ್ ಮತ್ತು ಹ್ಯೂಬರ್, ಚೀನಾದ ಕಸ್ಟಮ್ಸ್ ಇಲಾಖೆಯವರು. ವರದಿ ಅಚ್ಚಾದದ್ದೂ ಶಾಂಘೈನ ಕಸ್ಟಮ್ಸ್ ಮುದ್ರಣಾಲಯದಲ್ಲಿ, 1876ರಲ್ಲಿ. ಸುಂಕ ವಸೂಲಿ ಮಾಡುವ ಇಲಾಖೆಯೇ ಈ ಗೋಳನ್ನು ಉಳಿಸಿಕೊಟ್ಟಿತು. ಅದನ್ನು ಓದಿ ಟ್ರಾನ್ಸ್‌ವಾಲ್‌ನ ಪಟ್ಟಿಗೆ ವಾಪಸ್ ಬಂದರೆ ಅಂಕಿಗಳ ಹಿಂದೆ ಏನಿರಬಹುದು ಅಂತ ಹೊಳೆಯತೊಡಗುತ್ತದೆ.

ನಿಮ್ಮ ಹತ್ತಿರ ಈಗಿರುವ ಪುಟಗಳಲ್ಲಿ ಎಡಗಡೆ ಕಾಲಮ್ ಒಮ್ಮೆ ನೋಡಿ. ಅಲ್ಲಿ ನಂಬರ್‌ಗಳಿದ್ದರೆ, ದಂಡದ ಪಟ್ಟಿಯಲ್ಲಿರುವ ಒಂದೇ ಒಂದು ನಂಬರ್ ಆರಿಸಿಕೊಂಡು ಅದು ಬೇರೆಲ್ಲಿ ಬರುತ್ತದೆ ಅಂತ ಹುಡುಕಿ. ಎರಡನೇ ಸಲ ಸಿಕ್ಕ ದಿನ ಇಲ್ಲಿ ಬಂದು ಹೇಳಿ, ಕಾಯುತ್ತಿರುತ್ತೇನೆ.