ಎಸ್‌ಎಂ57 ಮೈಕಿನಲ್ಲಿ ಗಿಟಾರ್ ಚೆನ್ನಾಗಿದೆ, ಹಾಡುವಾಗ ‘ಪ’, ‘ಭ’ ಸಿಡಿಯುತ್ತವೆ. ಎಸ್‌ಎಂ58 ಕೊಳ್ಳಬೇಕೇ?

ಬಹುತೇಕ ಕಾರಣ ಮೈಕಿನ ಗುಣಮಟ್ಟವಲ್ಲ, ಅದರ ಮೂತಿ. ಎರಡರ ಕ್ಯಾಪ್ಸೂಲ್ (ದನಿ ಹಿಡಿಯುವ ಒಳಭಾಗ) ವಿನ್ಯಾಸ ಹೆಚ್ಚುಕಡಿಮೆ ಒಂದೇ. 58ರ ಉಂಡೆ ಜಾಲರಿಯೂ ಒಳಗಿನ ಸ್ಪಂಜೂ ಉಸಿರಿನ ಹೊಡೆತ ತಡೆದು ತುಟಿಯನ್ನು ದೂರ ಇಡುತ್ತವೆ. 57ರಲ್ಲಿ ಡಯಾಫ್ರಾಂ, ಅಂದರೆ ದನಿಗೆ ಕಂಪಿಸುವ ತೆಳು ಪೊರೆ, ಬಾಯಿಗೆ ತೀರಾ ಹತ್ತಿರ. ದನಿಯ ತಳಭಾಗ ಗುಂಯ್ ಎಂದು ಉಬ್ಬುವುದೂ ಅದಕ್ಕೇ.

ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ. ಮೈಕಿನಿಂದ 5 ಸೆಂ.ಮೀ. ಮುಂದೆ ಪಾಪ್ ಫಿಲ್ಟರ್ (ಉಸಿರು ತಡೆಯುವ ಪರದೆ) ಇಡಿ, ಬಾಯಿ ಮೈಕಿನಿಂದ 12ರಿಂದ 15 ಸೆಂ.ಮೀ. ದೂರವಿರಲಿ. ಮೈಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಸುಮಾರು 30 ಡಿಗ್ರಿ ಓರೆಯಾಗಿ ಬಾಯಿಯತ್ತ ತಿರುಗಿಸಿ. ಉಸಿರು ಪಕ್ಕದಲ್ಲಿ ಹಾದುಹೋಗುತ್ತದೆ. ದೂರ ಹೆಚ್ಚಿದಾಗ ಸಿಗ್ನಲ್ ಇಳಿಯುವುದರಿಂದ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿ, ಅತಿ ಜೋರಿನ ಸಾಲಿನಲ್ಲೂ ಮೀಟರ್ −10 ಡಿಬಿ ದಾಟದಿರಲಿ. ಆಮೇಲೆ 80–100 ಹರ್ಟ್ಸ್‌ಗೆ ಹೈ-ಪಾಸ್ (ಅದಕ್ಕಿಂತ ಕೆಳಗಿನ ದನಿ ಕತ್ತರಿಸುವ ಫಿಲ್ಟರ್) ಹಾಕಿ. ಕೋಣೆ ಪ್ರತಿಧ್ವನಿಸಿದರೆ ಇಷ್ಟು ದೂರ ಹೆಚ್ಚಾದೀತು, ಕೇಳಿಕೊಂಡೇ ಹತ್ತಿರ ಬನ್ನಿ.

ಇಷ್ಟಾದ ಮೇಲೂ ಸಿಡಿದರೆ, ಅಥವಾ ಕೈಯಲ್ಲಿ ಹಿಡಿದೇ ಹಾಡುವವರಾದರೆ, 58 ಕೊಳ್ಳಿ. 57 ಮಾತ್ರ ಮಾರಬೇಡಿ. ಮೂತಿ ಚಿಕ್ಕದಾದ್ದರಿಂದ ಗಿಟಾರ್ ಆಂಪಿನ ಸ್ಪೀಕರ್ ಬಟ್ಟೆಗೆ ತಾಗುವಷ್ಟು ಹತ್ತಿರ ಇಡಬಹುದು, 58ರ ಉಂಡೆ ಜಾಲರಿ ಕ್ಯಾಪ್ಸೂಲನ್ನು ಅಷ್ಟು ಹತ್ತಿರ ಬಿಡದು.