ಬೋರ್ಡಿಗೆ ಬಗ್ಗದ ಬಲತಿರುವು

ಪತ್ರ: ಮಂಡ್ಯದಲ್ಲಿ ನಮ್ಮ ಅಡ್ಡರಸ್ತೆ ಹಳೆಯ ಬೆಂಗಳೂರು–ಮೈಸೂರು ರಸ್ತೆಗೆ ಸೇರುವಲ್ಲಿ ಬಲಕ್ಕೆ ತಿರುಗಬಾರದೆಂದು ಬೋರ್ಡ್ ಇದೆ. ಯಾರೂ ಕೇಳುವುದಿಲ್ಲ. ರಸ್ತೆ ಬಾಯಲ್ಲಿ ತ್ರಿಕೋನದ ಕಟ್ಟೆ ಕಟ್ಟಿಸಿದರೆ ನಿಲ್ಲುತ್ತದೆಯೇ?

ಉತ್ತರ: ಬರೀ ತ್ರಿಕೋನ ಕಟ್ಟಿದರೆ ನಿಲ್ಲುವುದಿಲ್ಲ. ಸ್ಕೂಟರಿನವರು ಕಟ್ಟೆ ಬಳಸಿ ಬಂದು ಅದರ ಮೂತಿ ದಾಟಿದ ಕೂಡಲೇ ಬಲಕ್ಕೆ ಹೊರಳುತ್ತಾರೆ; ಇನ್ನು ಕೆಲವರು ಒಳಬರುವವರ ದಾರಿಯಲ್ಲೇ ಎದುರಾಗಿ ನುಗ್ಗುತ್ತಾರೆ. ಮೊದಲು ಮುಚ್ಚಬೇಕಾದ್ದು ಎದುರಿಗಿರುವ ಡಿವೈಡರಿನ ಕಿಂಡಿ. ಮೂರು ದಾರಿ ಕೂಡುವಲ್ಲಿ ವಾಹನಗಳ ಹಾದಿ ಒಂದಕ್ಕೊಂದು ತಾಗುವ ಜಾಗಗಳು 9. ಡಿವೈಡರ್ ಮುಚ್ಚಿ, ಎಡಕ್ಕೆ ಒಳಬರುವುದು ಮತ್ತು ಎಡಕ್ಕೆ ಹೊರಡುವುದು ಮಾತ್ರ ಉಳಿಸಿದರೆ 2. ತ್ರಿಕೋನ ಇದಾದ ಮೇಲಿನ ಮಾತು.

ಮುಚ್ಚುವ ಮುಂಚೆ ಒಂದು ಲೆಕ್ಕ ಹಾಕಿ: ಬಲಕ್ಕೆ ಹೋಗಬೇಕಾದವರು ಎಲ್ಲಿ ಯು-ಟರ್ನ್ ತೆಗೆದುಕೊಳ್ಳುತ್ತಾರೆ? ಇನ್ನೂರು ಮುನ್ನೂರು ಮೀಟರಿನೊಳಗೆ ಜಾಗ ಸಿಗದಿದ್ದರೆ ಬೈಕುಗಳು ರಾಂಗ್ ಸೈಡಿನಲ್ಲೇ ಬರುತ್ತವೆ, ಬಲತಿರುವಿಗಿಂತ ಅದೇ ದೊಡ್ಡ ಅಪಾಯ. ಸಾಮಾನ್ಯ ಕಾರು ಒಂದೇ ಸಲಕ್ಕೆ ತಿರುಗಲು 10–11 ಮೀಟರ್ ಅಗಲ ಬೇಕು. ಡಿವೈಡರ್ ಕಿರಿದಾಗಿದ್ದರೆ ಆಚೆ ಬದಿಯ ರಸ್ತೆ ಅಂಚನ್ನು ಹೊರಕ್ಕೆ ಉಬ್ಬಿಸಬೇಕಾಗುತ್ತದೆ. ಸರ್ಕಲ್‌ಗಳ ಊರಾದ ಮೈಸೂರಿನಲ್ಲಿ ಈ ತಲೆನೋವು ಕಡಿಮೆ. ಮುಂದಿನ ಸರ್ಕಲ್ ಸುತ್ತಿ ಬಂದರಾಯಿತು.

ಇನ್ನು ತ್ರಿಕೋನ. ಐದು ಚದರ ಮೀಟರಿಗಿಂತ ಚಿಕ್ಕದಾದರೆ ಅದು ದಾರಿ ತೋರಿಸುವುದಿಲ್ಲ, ಕಾಲಿಗೆ ಸಿಗುವ ಕಲ್ಲಾಗುತ್ತದೆ. ಅಂಚುಕಲ್ಲು 150 ಮಿ.ಮೀ. ಎತ್ತರ, ಕಟ್ಟೆಯ ಪಕ್ಕ ವಾಹನ ಹೋಗುವ ದಾರಿ 3.5ರಿಂದ 4 ಮೀಟರ್ ಅಗಲ ಇರಲಿ. ಐದು ಮೀಟರ್ ಬಿಟ್ಟಿರೋ, ಎದುರಿನಿಂದ ಬರಲು ಆಹ್ವಾನ ಕೊಟ್ಟಂತೆ. ಆದರೆ ನಿಮ್ಮೂರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇದೆಯಲ್ಲ! ಎಡಕ್ಕೆ ತಿರುಗುವಾಗ ಟ್ರೈಲರಿನ ಹಿಂಚಕ್ರ ಮುಂಚಕ್ರದ ಜಾಡು ಬಿಟ್ಟು ಒಳಕ್ಕೆ, ಅಂದರೆ ಎಡಮೂಲೆಯ ಫುಟ್‌ಪಾತಿನ ಕಡೆಗೆ ಸರಿಯುತ್ತದೆ. ಅದನ್ನು ತಪ್ಪಿಸಲು ಡ್ರೈವರ್ ಬಲಕ್ಕೆ ಅಗಲವಾಗಿ ತೆಗೆದು ಕಟ್ಟೆಗೇ ಉಜ್ಜುತ್ತಾನೆ. ಹಾಗಾಗಿ ಕಟ್ಟೆಯ ಆ ಬದಿಯಲ್ಲಿ ಸುಮಾರು ಒಂದು ಮೀಟರನ್ನು 50 ಮಿ.ಮೀ. ಎತ್ತರದ ಒರಟು ಗ್ರಾನೈಟ್ ಹಾಸಿ, ಅದರ ಹಿಂದೆ ಪೂರ್ತಿ ಎತ್ತರದ ಅಂಚುಕಲ್ಲು ನಿಲ್ಲಿಸಿ. ಚಕ್ರ ಹತ್ತಿದರೂ ಕಲ್ಲು ಕಿತ್ತುಬರುವುದಿಲ್ಲ.

ನಡೆಯುವವರಿಗೆ ಕಟ್ಟೆಯ ನಡುವೆ ಬಿಡುವ ಸೀಳು ದೊಡ್ಡ ಪೇಚು. ಗಾಲಿಕುರ್ಚಿ ಹೋಗುವಷ್ಟು ಬಿಟ್ಟರೆ ಸ್ಕೂಟರೂ ಹೋಗುತ್ತದೆ, ಕಂಬ ನೆಟ್ಟರೂ ಅಷ್ಟೆ. ಸೀಳು ತಿರುವಿನ ನೇರಕ್ಕೆ ಬಾರದಂತೆ ಎರಡು ಮೂರು ಮೀಟರ್ ಹಿಂದೆ, ಅಡ್ಡಲಾಗಿ ಇರಲಿ. ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಸಿಮೆಂಟ್ ಹಾಕುವ ಮುಂಚೆ ನೀರು ತುಂಬಿದ ಪ್ಲಾಸ್ಟಿಕ್ ತಡೆಗಳಿಂದ ಅದೇ ಆಕಾರವನ್ನು ಎರಡು ವಾರ ನಿಲ್ಲಿಸಿ ನೋಡಲು ನಗರಸಭೆ, ಸಂಚಾರ ಪೊಲೀಸರನ್ನು ಕೇಳಿ. ಬೆಳಗಿನ ಜಾವ ಸುತ್ತ ತೆಳುವಾಗಿ ಸುಣ್ಣದ ಪುಡಿ ಉದುರಿಸಿದರೆ ಹತ್ತು ಗಂಟೆಗೆಲ್ಲ ಚಕ್ರದ ಜಾಡು ಎದ್ದು ಕಾಣುತ್ತದೆ. ಪುಡಿ ಕೆಡದೆ ಉಳಿದ ಜಾಗವೇ ಕಟ್ಟೆಯ ನಿಜವಾದ ಆಕಾರ. ಮಳೆನೀರಿಗೆ ತಳದಲ್ಲಿ ಕೊಳವೆ ಮರೆಯಬೇಡಿ. ನೀರು ನಿಂತಲ್ಲಿ ಜಲ್ಲಿ ಸೇರಿ, ಎಡಕ್ಕೆ ತಿರುಗುವ ಬೈಕು ಅಲ್ಲೇ ಜಾರುತ್ತದೆ.