ಕಂಸಾಳೆಯನ್ನು ರೀಲ್ಸ್ ಉಳಿಸುತ್ತಾ?

ನಿಮ್ಮೂರಿನ ಕಂಸಾಳೆ ತಂಡ ಮರೆಯಾಗಬಾರದು, ಅದಕ್ಕೆ ದಿನಾ ಒಂದು ರೀಲ್ ಹಾಕ್ತೀನಿ, ಯಾವ ಹೊತ್ತಿಗೆ ಹಾಕಿದರೆ ಜಾಸ್ತಿ ಓಡುತ್ತೆ ಅಂತ ಕೇಳಿದ್ದೀರಿ. ನಾನೂ ಹೀಗೇ ಶುರು ಮಾಡಿದವನು. ಆಗ ಟಿಕ್‌ಟಾಕ್ ಇತ್ತು.

ಕೊಳ್ಳೇಗಾಲದ ಕಡೆ ನಮ್ಮೂರು. ನಮ್ಮ ದೊಡ್ಡಪ್ಪ ದೇವರಗುಡ್ಡರು, ಮಾದಪ್ಪನ ಕಥೆ ಹಾಡುವವರು. ಬೀಸು ಕಂಸಾಳೆ ನೋಡಿದ್ದೀರಲ್ಲ, ಬಲಗೈಯ ದಾರದ ತಾಳ ತಲೆ ಮೇಲೆ, ಬೆನ್ನ ಹಿಂದೆ ಸುತ್ತಿ ಬಂದು ಎಡಗೈಯ ಬಟ್ಟಲಿಗೆ ಸರಿಯಾಗಿ ಬಡಿಯುತ್ತೆ. ಮೊಬೈಲಿಗೆ ಹೇಳಿ ಮಾಡಿಸಿದ ಹಾಗೆ. ಚೆನ್ನಾಗಿ ಓಡಿತು. ಮದುವೆ, ಕಾಲೇಜು ಫಂಕ್ಷನ್‌ಗೆಲ್ಲ ಕರೆದರು. "ಆ ಬೀಸೋದಿದೆಯಲ್ಲ, ಅಷ್ಟೇ ಸಾಕು, ಹಾಡು ಬೇಡ" ಅಂತಲೂ ಹೇಳಿದರು.

ಹಾಡನ್ನೂ ಹಿಡಿದಿದ್ದೆ. ತಪ್ಪಾಗಿದ್ದೇ ಅಲ್ಲಿ. ಫೋನಿನಲ್ಲಿ ಯಾವಾಗಲೂ ಜಾಗ ಇರುತ್ತಿರಲಿಲ್ಲ. ಅದಕ್ಕೆ ಕ್ಯಾಮೆರಾ ಬಿಟ್ಟು ಆ್ಯಪ್‌ನಲ್ಲೇ ಶೂಟ್ ಮಾಡುತ್ತಿದ್ದೆ. ಫೋನಿಗೆ ಸೇವ್ ಆಗುವುದನ್ನೂ ಆಫ್ ಮಾಡಿದ್ದೆ. ದೊಡ್ಡಪ್ಪ ಹಾಡಿದ ಸಂಕಮ್ಮನ ಸಾಲು, ಅಂದರೆ ಮಾದಪ್ಪನ ಕಥೆಯ ಒಂದು ಭಾಗ, ನಿಮಿಷದ ತುಂಡುಗಳಾಗಿ ಅಲ್ಲೇ ಇತ್ತು. ಆ್ಯಪ್‌ನಲ್ಲಿದೆಯಲ್ಲ, ಎಲ್ಲಿ ಹೋಗುತ್ತೆ ಅಂದುಕೊಂಡೆ. 2020ರ ಜೂನ್ 29ಕ್ಕೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಆಮೇಲೆ ತೆರೆದರೆ ಬರೀ ನೋಟಿಸ್. ಒಂದು ಮೆಮೊರಿ ಕಾರ್ಡ್ ಹಾಕಿಸಿದ್ದರೆ ಮುಗಿದಿತ್ತು! ಹಾಗೆ ನೋಡಿದರೆ ಆ ತುಂಡುಗಳು ಸಿಕ್ಕಿದ್ದರೂ ಪೂರ್ತಿ ಹಾಡು ಸಿಗುತ್ತಿರಲಿಲ್ಲ. ದೊಡ್ಡಪ್ಪ ಸೊಲ್ಲು ಬಿಟ್ಟ ಕಡೆ ಹಿಮ್ಮೇಳ ಎತ್ತಿಕೊಳ್ಳುತ್ತೆ, ನನ್ನ ವೀಡಿಯೋ ಎಷ್ಟೋ ಸಲ ಅಲ್ಲೇ ಕಟ್ ಆಗುತ್ತಿತ್ತು. ಈಗ ದೊಡ್ಡಪ್ಪನಿಗೆ ಉಬ್ಬಸ, ನಾಲ್ಕು ಸೊಲ್ಲಿಗೇ ಕೆಮ್ಮು. ತಂಡದ ಹುಡುಗರಿಗೆ ಬೀಸೋದು ಬರುತ್ತೆ, ಸಾಲು ಬರಲ್ಲ.

ರೀಲ್ಸ್‌ನಿಂದ ಕಲೆ ಉಳಿಯಲ್ಲ, ಬುಕಿಂಗ್ ಬರುತ್ತೆ ಅಷ್ಟೆ. ಬರಲಿ ಬಿಡಿ, ಕಲಾವಿದರ ಮನೆಯೂ ನಡೀಬೇಕಲ್ವಾ. ಆದರೆ ಮೊದಲು ಇಡೀ ರಾತ್ರಿಯ ಹಾಡನ್ನು ಹಿಡಿಯಿರಿ. ಫೋನ್ ಅಡ್ಡ ಇಟ್ಟು, ಮೈಕ್ ಹಾಡುವವರ ಹತ್ತಿರ ಇಟ್ಟು, ಚಾರ್ಜರ್ ಚುಚ್ಚಿಕೊಂಡೇ ಕೂರಿ. ಅವರ ಒಪ್ಪಿಗೆ ಕೇಳಿ, ಸಂಭಾವನೆ ಕೊಡಿ. ಫೈಲ್ ಎರಡು ಕಡೆ ಕಾಪಿ ಮಾಡಿ. ಯಾರು ಯಾವ ಸಾಲು ಹಾಡಿದರು ಅಂತ ಬರೆದಿಡಿ. ರೀಲ್ ಬೇಕಾದರೆ ಅದರಿಂದಲೇ ಕತ್ತರಿಸಿ, ಮೇಲೆ ಸಿನಿಮಾ ಹಾಡು ಮಾತ್ರ ಹಾಕಬೇಡಿ. ತಂಡದ ಹೆಸರು, ಊರು ಬರೆಯಿರಿ.

ಇನ್ನು ಹೊತ್ತಿನ ವಿಷಯ. ಬೆಳಿಗ್ಗೆಯೂ ಹಾಕಿ ನೋಡಿದ್ದೆ, ರಾತ್ರಿಯೂ ಹಾಕಿದ್ದೆ. ಏನೂ ವ್ಯತ್ಯಾಸ ಕಾಣಲಿಲ್ಲ.